ಕತ್ತಿ ಎತ್ತಿದಲ್ಲಿಗೆ ನಿಂತ ಪಾಠ

ವಿಡಿಯೊ ಏಳು ನಿಮಿಷ ನಲವತ್ತು ಸೆಕೆಂಡಿಗೆ ಬಂದ ಕೂಡಲೇ ಪಾಜ್ ಮಾಡಬೇಕು ಅಂತ ಗೈಡ್‌ಬುಕ್ಕಿನಲ್ಲಿ ಬರೆದಿತ್ತು. ಪಾಜ್ ಮಾಡಿ ಮಕ್ಕಳನ್ನು ಕೇಳಬೇಕು: ಈಗ ನಿಮಗೆ ಏನನ್ನಿಸುತ್ತಿದೆ? ನಾನು ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಮಾಡುವುದು ಮೈಗೆ ಅಂಟಿಬಿಟ್ಟ ಡಿಸಿಪ್ಲಿನ್.

ಇದು ಹೋದ ಬೇಸಿಗೆಯ ಮಾತು. ಶ್ರೀನಿವಾಸಪುರದಲ್ಲಿ ನಮ್ಮದು ಸಣ್ಣ ಚರ್ಚು. ಸ್ಕೂಲಿಗೆ ರಜ ಬಂದಾಗ ಆರು ದಿನ ಮಕ್ಕಳಿಗೆ ಬೈಬಲ್ ಕ್ಲಾಸ್ ನಡೆಸುತ್ತೇವೆ. ಸೋಮವಾರ ಶುರು, ಶನಿವಾರ ಕ್ಲೋಸಿಂಗ್ ಪ್ರೋಗ್ರಾಂ. ಅಲ್ಲಿಯವರೆಗೆ ಪ್ರತಿ ವರ್ಷ ನಾನು ಫ್ಲಾನೆಲ್ ಬೋರ್ಡಿನ ಮೇಲೆ ಕಥೆ ಹೇಳುತ್ತಿದ್ದೆ. ಹಲಗೆಗೆ ಫ್ಲಾನೆಲ್ ಬಟ್ಟೆ ಬಿಗಿದು, ಬಣ್ಣ ಹಾಕಿ ಕತ್ತರಿಸಿದ ಬಟ್ಟೆಯ ಗೊಂಬೆಗಳನ್ನು ಅದರ ಮೇಲೆ ಒತ್ತಿದರೆ ಅಂಟಿ ನಿಲ್ಲುತ್ತವೆ. ಗೊಂಬೆಗಳೆಲ್ಲ ನನ್ನ ಕೈಯಲ್ಲೇ ಆದವು. ಆ ಸಲ ನಮ್ಮ ಪಾಸ್ಟರ್, ಅವರನ್ನು ಎಲ್ಲರೂ ಅಯ್ಯನವರು ಅಂತಲೇ ಕರೆಯುವುದು, ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿ ಆರು ವಿಡಿಯೊ ಪಾಠ, ಜೊತೆಗೆ ಇಂಗ್ಲಿಷಿನ ಗೈಡ್‌ಬುಕ್.

"ಟೀಚರಮ್ಮ, ಈಗಿನ ಮಕ್ಕಳು ಮೊಬೈಲ್ ನೋಡಿ ಬೆಳೆದಿರೋರು. ಬಟ್ಟೆ ಗೊಂಬೆಗೆ ಕೂರಲ್ಲ," ಅಂದರು ಅಯ್ಯನವರು.

ಟು ಬಿ ಫ್ರಾಂಕ್, ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಮುದುಕಿ ಹಟ ಮಾಡುತ್ತಾಳೆ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. ಒಪ್ಪಿಕೊಂಡೆ. ಗೈಡ್‌ಬುಕ್ ಓದಿ ಪಾಠ ನಡೆಸುವ ಜವಾಬ್ದಾರಿ ನನ್ನದು. ಲ್ಯಾಪ್‌ಟಾಪು ಮತ್ತು ಪ್ರೊಜೆಕ್ಟರು ಅಯ್ಯನವರ ಹೆಂಡತಿಯದು. ಅವರನ್ನು ನಾವು ಅಮ್ಮನವರು ಅನ್ನುತ್ತೇವೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು.

ಪ್ರೊಜೆಕ್ಟರಿಗೆ ಕತ್ತಲು ಬೇಕು. ನಮ್ಮ ಹಾಲಿಗೆ ಆರು ದೊಡ್ಡ ಕಿಟಕಿ, ಒಂದಕ್ಕೂ ಕರ್ಟನ್ ಇಲ್ಲ. ಮಾವಿನ ಲೋಡಿಗೆ ಹೊದಿಸುವ ಟಾರ್ಪಾಲುಗಳನ್ನು ಹಣ್ಣಿನ ಮಂಡಿಯಿಂದ ಕೇಳಿ ತಂದು ಕಿಟಕಿಗಳಿಗೆ ಕಟ್ಟಿದೆವು. ಹಾಲೆಲ್ಲ ಮಾವಿನ ಸೊನೆಯ ವಾಸನೆ. ಗೋಡೆಗೆ ಬಿಳಿ ಬೆಡ್‌ಶೀಟು, ಮೂಲೆಗೆ ಸ್ಪೀಕರು. ಅಯ್ಯನವರ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ವೈರು ಚುಚ್ಚಿಯೇ ಇರಬೇಕು, ಕರೆಂಟು ಹೋದರೆ ಅದೂ ಹೋಯಿತು. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬದಲಿ ಯೋಚನೆ ಮಾಡಲಿಲ್ಲ.

ಹಳ್ಳಿಗಳ ಮಕ್ಕಳನ್ನು ಕರೆತರಲು ಒಂದು ಟೆಂಪೋ. ಮಾವಿನ ಸೀಸನ್, ಹನ್ನೆರಡಕ್ಕೆಲ್ಲ ಟೆಂಪೋ ಮಂಡಿ ಮುಂದೆ ನಿಂತಿರಬೇಕು. ಹಾಗಾಗಿ ಹನ್ನೊಂದೂವರೆಗೆ ಡ್ರೈವರು ಹಾರನ್ ಹೊಡೆಯಲು ಶುರು ಮಾಡುತ್ತಿದ್ದ.

ಆ ಟೆಂಪೋದಲ್ಲಿ ಬರುತ್ತಿದ್ದವರಲ್ಲಿ ಒಂದು ಹುಡುಗಿ, ಏಳು ವರ್ಷ. ಎರಡು ಬಿಗಿ ಜಡೆ, ಮುಂದಿನ ಒಂದು ಹಲ್ಲಿಲ್ಲ. ತಾಯಿ ತೀರಿಕೊಂಡು ಎರಡು ವರ್ಷ. ಅಪ್ಪ ಮಾವಿನ ತೋಪಿನ ಕಾವಲುಗಾರ, ಆಗ ಕುಡಿತದಲ್ಲಿ ಮುಳುಗಿದ್ದ. ಮಗುವನ್ನು ಮುಳಬಾಗಿಲಿನ ಅಜ್ಜಿ, ತಾಯಿಯ ತಾಯಿ, ಕರೆದುಕೊಂಡು ಹೋಗಿ ಸಾಕಿದಳು. ಆಮೇಲೆ ಅವನು ಕುಡಿಯುವುದು ಬಿಟ್ಟ. ಹತ್ತು ತಿಂಗಳು ಬಿಟ್ಟೇ ಇದ್ದ. ಭಾನುವಾರ ಚರ್ಚಿಗೆ ಬಂದು ಕೊನೆ ಬೆಂಚಿನಲ್ಲಿ ಕೂತು, "ಟೀಚರಮ್ಮ, ನನ್ನ ಮಗೂನ ನಂಗೆ ಕೊಡಿಸಿ" ಅಂತ ಎಷ್ಟು ಸಲ ಕೇಳಿದ್ದ. ಕೊನೆಗೆ ನಾನೂ ಅಯ್ಯನವರೂ ಮುಳಬಾಗಿಲಿಗೆ ಹೋಗಿ ಅಜ್ಜಿಯ ಹತ್ತಿರ ಮಾತಾಡಿದೆವು.

ಅಜ್ಜಿ ಗಟ್ಟಿ ಹೆಂಗಸು. "ನಿಮ್ಮ ಮುಖ ನೋಡಿ ರಜಕ್ಕೆ ಕಳಿಸ್ತಿದ್ದೀನಿ ಟೀಚರಮ್ಮ, ಆ ಅಳಿಯನ ಮುಖ ನೋಡಿ ಅಲ್ಲ," ಅಂದಳು. "ನಿಮ್ಮ ಬೈಬಲ್ ಕ್ಲಾಸ್ ಮುಗಿಯೋ ದಿನ ನಾನೇ ಬರ್ತೀನಿ. ಮಗು ಅಪ್ಪನ ಹತ್ರ ಇರ್ತೀನಿ ಅಂದ್ರೆ ಇರ್ಲಿ. ಮುಖ ಬಾಡಿದ್ರೆ ಅವತ್ತೇ ಬಸ್ ಹತ್ತಿಸ್ಕೊಂಡು ಬಂದ್ಬಿಡ್ತೀನಿ. ಸ್ಕೂಲೂ ಇಲ್ಲೇ."

"ನಾನು ಗ್ಯಾರಂಟಿ," ಅಂದುಬಿಟ್ಟೆ. ಎಷ್ಟು ಸುಲಭವಾಗಿ ಅಂದೆ.

ಮಂಗಳವಾರದ ಪಾಠ ಅಬ್ರಹಾಮ, ಇಸಾಕನದು. ಮಗನನ್ನೇ ಬಲಿ ಕೊಡು ಅಂತ ದೇವರು ಅಬ್ರಹಾಮನನ್ನು ಪರೀಕ್ಷಿಸುತ್ತಾನೆ. ಅವನು ಮಗನ ಬೆನ್ನಿಗೆ ಕಟ್ಟಿಗೆ ಹೊರಿಸಿ ಬೆಟ್ಟಕ್ಕೆ ಕರೆದೊಯ್ಯುತ್ತಾನೆ, ಕತ್ತಿ ಎತ್ತುತ್ತಾನೆ. ಆಗ ದೂತನು ತಡೆಯುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರನ್ನು ಮಗನ ಬದಲು ಬಲಿ ಕೊಡುತ್ತಾರೆ. ವಿಡಿಯೊ ಹದಿನಾಲ್ಕು ನಿಮಿಷ. ಚಿತ್ರ ಮಾತ್ರ ವಂಡರ್‌ಫುಲ್. ಅಬ್ರಹಾಮನ ಗಡ್ಡದ ಕೂದಲು ಗಾಳಿಗೆ ಅಲುಗಾಡುವುದೂ ಕಾಣುತ್ತಿತ್ತು. ಡಬ್ ಮಾಡಿದ ಕನ್ನಡ ಮಾತ್ರ ಪುಸ್ತಕದ ಕನ್ನಡ. "ಮಗನೇ, ಮುನ್ನಡೆ" ಅಂದಾಗ ಹಿಂದಿನ ಸಾಲಿನವರು ನಕ್ಕರು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಆಡುವ ಮಕ್ಕಳು. ಆಮೇಲೆ ನಗು ನಿಂತಿತು. ಹುಡುಗ ಕಟ್ಟಿಗೆ ಹೊತ್ತು ಬೆಟ್ಟ ಹತ್ತುತ್ತಿದ್ದ. "ಅಪ್ಪಾ, ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ?" ಅಂತ ಕೇಳಿದ. ಮೂವತ್ತು ಮಕ್ಕಳೂ ಮುಂದಕ್ಕೆ ಬಾಗಿ ನೋಡುತ್ತಿದ್ದರು.

ಕತ್ತಿ ಮೇಲೆದ್ದಿತು. ಏಳು ನಲವತ್ತು. ನಾನು ಕೈ ಎತ್ತಿದೆ, ಅಮ್ಮನವರು ಪಾಜ್ ಒತ್ತಿದರು. ಬೆಡ್‌ಶೀಟಿನ ತುಂಬ ಆ ಕೈ, ಆ ಕತ್ತಿ.

"ಈಗ ನಿಮಗೆ ಏನನ್ನಿಸುತ್ತಿದೆ?" ಅಂತ ಕೇಳಿದೆ. ಗೈಡ್‌ಬುಕ್ಕಿನಲ್ಲಿ ಬರೆದಿತ್ತು, ಒಂದು ನಿಮಿಷ ಮೌನವಾಗಿ ಕಾಯಿರಿ ಅಂತ. ಕಾಯುತ್ತಾ ನಿಂತೆ. ಆ ಒಂದು ನಿಮಿಷದಲ್ಲಿ ಕರೆಂಟು ಹೋಯಿತು.

ಹತ್ತು ನಿಮಿಷ ಕಾದೆವು. ಬರಲಿಲ್ಲ. ಟಾರ್ಪಾಲಿನ ಕತ್ತಲಲ್ಲಿ ಸೆಖೆಗೆ ಮಕ್ಕಳು ಒದ್ದಾಡತೊಡಗಿದರು. ಹೊರಗೆ ಟೆಂಪೋ ಹಾರನ್. ಅಯ್ಯನವರು ಬಾಗಿಲು ತೆಗೆದು, "ಪರವಾಗಿಲ್ಲ ಬಿಡಿ ಟೀಚರಮ್ಮ, ಸಸ್ಪೆನ್ಸ್ ಇರ್ಲಿ. ನಾಳೆ ಫುಲ್ ಅಟೆಂಡೆನ್ಸ್!" ಅಂತ ನಕ್ಕರು. ನಾನೂ ನಕ್ಕೆ. "ಉಳಿದದ್ದು ನಾಳೆ ನೋಡೋಣ ಮಕ್ಕಳೇ," ಅಂದೆ. ಎಲ್ಲರೂ ಹೋ ಅಂತ ಎದ್ದು ಓಡಿದರು.

ಒಂದು ವಾಕ್ಯ ಸಾಕಿತ್ತು. ಹೆದರಬೇಡಿ, ಹುಡುಗನಿಗೆ ಏನೂ ಆಗೋದಿಲ್ಲ. ನೂರು ಸಲ ಹೇಳಿದ ಕಥೆ, ಬಾಯಲ್ಲಿ ಹೇಳಬಹುದಿತ್ತು. ವಿಡಿಯೊ ಇದೆಯಲ್ಲ, ಅದು ಹೇಳುತ್ತದೆ ಅಂತ ಬಾಯಿಯೇ ಸುಮ್ಮನಾಗಿಬಿಟ್ಟಿತ್ತು.

ಬುಧವಾರ ಬೆಳಗ್ಗೆ ಟೆಂಪೋ ಬಂದಾಗ ಮಕ್ಕಳ ಮಧ್ಯೆ ಒಬ್ಬ ಗಂಡಸು ನಿಂತಿದ್ದ. ಆ ಹುಡುಗಿಯ ಅಪ್ಪ. ಮಗು ಇರಲಿಲ್ಲ. ಅವನು ಹೊಸಿಲು ದಾಟಲಿಲ್ಲ. ಟವಲಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲ ಹತ್ತಿರ ನಿಂತ.

"ಏನಾಯ್ತಪ್ಪ?"

"ಗೊತ್ತಿಲ್ಲ ಟೀಚರಮ್ಮ. ದಿನಾ ಸಾಯಂಕಾಲ ನನ್ನ ಜೊತೆ ತೋಪಿಗೆ ಬರ್ತಾ ಇತ್ತು. ಪುಳ್ಳೆ ಆಯ್ಕೊಂಡು ತಲೆ ಮೇಲೆ ಹೊರೆ ಇಟ್ಕೊಂಡು ಕುಣೀತಾ ಬರೋದು. ನಿನ್ನೆ 'ಬಾ ಪಾಪಾ, ತೋಪಿಗೆ ಹೋಗಾಣ' ಅಂದೆ. ಕಿರುಚ್ತು ನೋಡಿ! ಪಕ್ಕದ ಮನೆಗೆ ಓಡ್ಹೋಗಿ ಮಂಚದ ಕೆಳಗೆ ಸೇರ್ಕೊಂತು. ನಾನು ಹೋದ್ರೆ ಇನ್ನೂ ಜೋರಾಗಿ ಕಿರುಚುತ್ತೆ. ಏಸುಸ್ವಾಮಿ ಆಣೆ, ನಾನು ಕುಡ್ದಿಲ್ಲ. ಬೇಕಾದ್ರೆ ಬಾಯಿ ಮೂಸಿ ನೋಡಿ."

ಅವನ ಸೊಂಟದಲ್ಲಿ ಮಚ್ಚು ಇತ್ತು. ತೋಪು ಕಾಯುವವನ ಸೊಂಟದಲ್ಲಿ ಅದು ಇದ್ದೇ ಇರುತ್ತದೆ. ರೆಂಬೆ ಸವರಲು, ಬೇಲಿ ಕಡಿಯಲು. ಕುಡಿತ ಬಿಟ್ಟ ಮೇಲೆ ಗಡ್ಡವನ್ನೂ ಬಿಟ್ಟಿದ್ದ, ಹರಕೆಯ ಹಾಗೆ. ಗಡ್ಡ, ಮಚ್ಚು, ತಲೆ ಮೇಲೆ ಕಟ್ಟಿಗೆ ಹೊತ್ತ ಮಗು. ನಿನ್ನೆ ಬೆಡ್‌ಶೀಟಿನ ಮೇಲೆ ನಿಂತುಹೋದ ಚಿತ್ರವೇ.

ಅವನಿಗೆ ಹೇಳಲಿಲ್ಲ. "ಮಗೂನ ಬಲವಂತ ಮಾಡ್ಬೇಡ. ಪಕ್ಕದ ಮನೇಲೇ ಮಲಗಲಿ. ನಾನು ಬಂದು ಮಾತಾಡ್ತೀನಿ," ಅಂದು ಕಳಿಸಿದೆ. ಅಯ್ಯನವರಿಗೆ ಹೇಳಿದೆ. ಅವರ ಮುಖವೂ ಇಳಿಯಿತು.

"ಅವನಿಗೆ ಹೇಳೋದು ಬೇಡ," ಅಂದರು. "ನಿನ್ನ ನೋಡಿದ್ರೆ ಮಗೂಗೆ ಕತ್ತಿ ನೆನಪಾಗುತ್ತೆ ಅಂತ ಹೇಗೆ ಹೇಳೋದು? ನೊಂದ್ಕೊಂಡು ಮತ್ತೆ ಕುಡಿಯೋಕೆ ಹೋದ್ರೆ? ವಿಡಿಯೊದ ಕೊನೆ ತೋರಿಸಿಬಿಡಿ, ಸರಿಹೋಗುತ್ತೆ."

ಅವತ್ತು ಮಧ್ಯಾಹ್ನದವರೆಗೂ ಕರೆಂಟಿಲ್ಲ. ಟಾರ್ಪಾಲುಗಳನ್ನು ಮೇಲೆ ಸುತ್ತಿ, ಕಥೆಯ ಉಳಿದ ಭಾಗವನ್ನು ಬಾಯಲ್ಲೇ ಹೇಳಿದೆ. ಬಂದ ಮಕ್ಕಳಿಗೆ ಏನೂ ಆಗಿರಲಿಲ್ಲ. "ಅಷ್ಟೇನಾ ಮಿಸ್? ನಾನು ಫೈಟಿಂಗ್ ಇರುತ್ತೆ ಅನ್ಕೊಂಡಿದ್ದೆ," ಅಂದ ಒಬ್ಬ. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಮಕ್ಕಳು ನಕ್ಕರು. ನನ್ನ ಕಣ್ಣು ಖಾಲಿ ಜಾಗದ ಮೇಲೇ ಇತ್ತು.

ಕಾನ್ವೆಂಟಿನಲ್ಲಿ ನಮಗೆ ಬೈಬಲ್ ಕಥೆ ಹೇಳುತ್ತಿದ್ದ ಸಿಸ್ಟರ್ ನೆನಪಾದರು. ಸ್ಲೈಡ್ ತೋರಿಸಲು ರೂಮು ಕತ್ತಲು ಮಾಡಿದ ಕೂಡಲೇ ಅವರು ಹತ್ತಿರದ ಮಗುವಿನ ಭುಜದ ಮೇಲೆ ಕೈ ಇಡುತ್ತಿದ್ದರು. ಎಷ್ಟೋ ಸಲ ಆ ಮಗು ನಾನೇ ಆಗಿದ್ದೆ. ಆ ಕೈಯ ಸೋಪಿನ ವಾಸನೆ ಈಗಲೂ ಮೂಗಿನಲ್ಲಿದೆ. ನನ್ನ ಫ್ಲಾನೆಲ್ ಬೋರ್ಡಿನಲ್ಲಿ ನಾನು ಮೊದಲು ಅಂಟಿಸುತ್ತಿದ್ದದ್ದು ಟಗರನ್ನು. ಕಥೆ ಶುರುವಾಗುವ ಮುಂಚೆಯೇ ಮೂಲೆಯ ಪೊದೆಯಲ್ಲಿ ಅದು ನಿಂತಿರುತ್ತಿತ್ತು. ಕತ್ತಿ ಎತ್ತುವಾಗ ಮಕ್ಕಳೇ ಕೂಗುತ್ತಿದ್ದರು, "ಟಗರು ಅಲ್ಲಿದೆ, ಟಗರು ಅಲ್ಲಿದೆ!" ಅಂತ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಕಲಿತದ್ದು. ವಿಡಿಯೊದಲ್ಲಿ ಟಗರು ಬರುವುದು ಕೊನೆಗೆ.

ಗುರುವಾರ ಕ್ಲಾಸ್ ಮುಗಿಸಿ ಅದೇ ಟೆಂಪೋದಲ್ಲಿ ನಾನೂ ಅಮ್ಮನವರೂ ಆ ಹಳ್ಳಿಗೆ ಹೋದೆವು. ಅಮ್ಮನವರು ವಿಡಿಯೊವನ್ನು ಮೊಬೈಲಿಗೆ ಹಾಕಿಕೊಂಡು, ಫುಲ್ ಚಾರ್ಜ್ ಮಾಡಿ ತಂದಿದ್ದರು. ಪಕ್ಕದ ಮನೆಯಾಕೆ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಮಗು ಸೊಪ್ಪಿನ ಬುಟ್ಟಿಯ ಹಿಂದೆ ಕೂತಿತ್ತು.

"ಏನಮ್ಮಿ, ಕ್ಲಾಸಿಗೆ ಬರಲಿಲ್ಲ?"

ನೆಲದ ಮೇಲೆ ಕೂತೆ; ನನ್ನ ಮಂಡಿಗೆ ಅದು ಸುಲಭವಲ್ಲ. ಕಥೆಯ ಕೊನೆ ಹೇಳಿದೆ. ಅವಳು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದಳು.

"ಅದು ನೀವು ಹೇಳ್ತಿರೋದು ಮಿಸ್. ವಿಡಿಯೊದಾಗೆ ಕತ್ತಿ ಎತ್ತಿದ್ರು. ನಾನು ನೋಡ್ದೆ."

ನನ್ನ ಮಾತಿಗೆ ಬೆಲೆ ಇಲ್ಲದ್ದನ್ನು ಅಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಅಮ್ಮನವರು ಮೊಬೈಲ್ ತೆಗೆದರು. ಕತ್ತಿ ಎತ್ತಿದ ಜಾಗವನ್ನು ದಾಟಿಸಿ, ದೂತ ಕೂಗುವಲ್ಲಿಂದ ತೋರಿಸಿದರು. ಟಗರು ಬಂತು. ಹುಡುಗನ ಕಟ್ಟು ಬಿಚ್ಚಿದರು. ಅಪ್ಪ ಮಗನನ್ನು ಅಪ್ಪಿಕೊಂಡ. ಸಂಗೀತ ಬಂತು. ಮಗು ಕಣ್ಣು ಮಿಟುಕಿಸದೆ ನೋಡಿತು.

"ನೋಡ್ದಾ? ಏನೂ ಆಗಲಿಲ್ಲ ಅಲ್ವಾ?" ಅಂದರು ಅಮ್ಮನವರು ಖುಷಿಯಾಗಿ.

"ಆದ್ರೂ ಎತ್ತಿದ್ನಲ್ಲ," ಅಂದಳು.

ಅಮ್ಮನವರು ನನ್ನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಒಂದು ಮಗುವೂ ಈ ಪ್ರಶ್ನೆ ಕೇಳಿರಲಿಲ್ಲ. ಟಗರನ್ನು ಮೊದಲೇ ತೋರಿಸಿ, ಕೇಳುವ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲವೇನೋ.

ಆಮೇಲೆ ಅವಳು ನನ್ನ ಸೀರೆಯ ಸೆರಗು ಹಿಡಿದು, ಬಾಗಿಲ ಕಡೆ ನೋಡಿ, ಪಿಸುಮಾತಿನಲ್ಲಿ ಹೇಳಿದಳು: "ನಾಯ್ನಾನೂ ಎತ್ತಿದ್ದ. ಬಾಗ್ಲಲ್ಲಿ. ಅಮ್ಮ ಇದ್ಲಲ್ಲ, ಆವಾಗ."

ಆ ಕಡೆ ಅಪ್ಪನನ್ನು ನಾಯ್ನ ಅನ್ನುತ್ತಾರೆ.

ಟೆಂಪೋ ಮಂಡಿಗೆ ಹೋಗಿಬಿಟ್ಟಿತ್ತು. ಬಸ್ಸಿಗೆ ಕಾಯುತ್ತಾ ಹುಣಸೆಮರದ ಕೆಳಗೆ ನಿಂತಾಗ ಅಮ್ಮನವರು ಕೇಳಿದರು, "ಈಗೇನ್ ಮಾಡೋದು ಆಂಟಿ?"

ಶನಿವಾರಕ್ಕೆ ಉಳಿದದ್ದು ಒಂದೇ ದಿನ. ಅಜ್ಜಿಗೆ ಹೇಳಿದರೆ ಮಗುವನ್ನು ಅಪ್ಪ ಇನ್ನು ನೋಡುವುದು ಕಷ್ಟ. ಹೇಳದಿದ್ದರೆ, ನಾನು ಕೊಟ್ಟ ಗ್ಯಾರಂಟಿಯ ಮೇಲೆ, ಹೆದರಿದ ಒಂದು ಮಗುವನ್ನು ಅದೇ ಬಾಗಿಲಿನ ಒಳಗೆ ಬಿಟ್ಟ ಹಾಗೆ. ಬಸ್ಸಿನಲ್ಲಿ ಕೂತು ನಾನು ನನ್ನನ್ನೇ ಕೇಳಿಕೊಂಡದ್ದು ಇಷ್ಟೇ: ಮುಳಬಾಗಿಲಿಗೆ ಹೋಗುವ ಮುಂಚೆ ಆ ಮಗುವನ್ನು ಒಂದು ಮಾತು ಕೇಳಿದ್ದೆನೇ? ಇಲ್ಲ. ಅಪ್ಪನನ್ನು ಕೇಳಿದ್ದೆ, ಅಜ್ಜಿಯನ್ನು ಕೇಳಿದ್ದೆ, ಅಯ್ಯನವರನ್ನು ಕೇಳಿದ್ದೆ.

ಅಯ್ಯನವರು ಬೇಡ ಅಂದರೂ ನಾನು ನಿರ್ಧಾರ ಮಾಡಿದೆ. ಅಪ್ಪನಿಗೆ ವಿಡಿಯೊ ತೋರಿಸಬೇಕು. ಮೊದಲಿನಿಂದ. ನಡುವೆ ಏನನ್ನೂ ದಾಟಿಸದೆ.

ಶುಕ್ರವಾರ ಮಕ್ಕಳು ಹೋದ ಮೇಲೆ ಅವನು ಬಂದ. ಮಚ್ಚನ್ನು ಹೊರಗೆ ಮೆಟ್ಟಿಲ ಮೇಲೆ ಇಟ್ಟು ಬಾ ಅಂದೆ. ಇಟ್ಟು ಬಂದ. ಟಾರ್ಪಾಲುಗಳನ್ನು ಮತ್ತೆ ಇಳಿಸಿದೆವು. ಅಷ್ಟು ದೊಡ್ಡ ಹಾಲಿನಲ್ಲಿ ಅವನೊಬ್ಬನೇ ಮಕ್ಕಳ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹಿಂದೆ ಅಯ್ಯನವರು ಕೈ ಕಟ್ಟಿ ನಿಂತಿದ್ದರು. ಅಮ್ಮನವರು ಪ್ಲೇ ಒತ್ತಿದರು.

ಮೊದಲು ಅವನು ಸಿನಿಮಾ ನೋಡುವವನ ಹಾಗೆ ಬಾಯಿ ತೆರೆದು ನೋಡುತ್ತಿದ್ದ. ಹುಡುಗನ ಬೆನ್ನಿಗೆ ಕಟ್ಟಿಗೆ ಹೊರಿಸಿದಾಗ ಬಾಯಿ ಮುಚ್ಚಿದ. ಬೆಟ್ಟ ಹತ್ತುವಾಗ ತನ್ನ ಗಡ್ಡ ಮುಟ್ಟಿಕೊಂಡ. ಅಮ್ಮನವರ ಬೆರಳು ಪಾಜ್ ಗುಂಡಿಯ ಹತ್ತಿರವೂ ಇರಲಿಲ್ಲ. ಕತ್ತಿ ಎದ್ದಿತು.

"ನಿಲ್ಸಿ," ಅಂದ ಅವನು. "ನಿಲ್ಸಿ ಟೀಚರಮ್ಮ."

ನಿಲ್ಲಿಸಿದೆವು.

"ಪಾಪ ಹೇಳ್ತಾ?"

"ಹೇಳ್ತು. ಬಾಗಿಲಲ್ಲಿ ಅಂತ."

ಅವನು ಚಾಪೆಯ ಈಚಲು ಗರಿ ಕಿತ್ತ. "ಪಾಪಂಗೆ ನೆನಪಿರಲ್ಲ ಅನ್ಕೊಂಡಿದ್ದೆ. ಅವಾಗ ನಾಕು ವರ್ಷ ಕೂಡ ತುಂಬಿರ್ಲಿಲ್ಲ. ಅವಳಮ್ಮ ಬಾಗಿಲು ಹಾಕ್ಕೊಂಡು ಒಳಗೆ ಬಿಡ್ಲಿಲ್ಲ. ಬಾಗಿಲು ತೆಗೆದ ಮೇಲೆ ಮಚ್ಚು ಎತ್ತಿದೆ. ಅವಳ ಮೇಲೆ ಬೀಳಿಸ್ಲಿಲ್ಲ, ಬಾಗಿಲ ಚೌಕಟ್ಟಿಗೆ ಹೊಡ್ದೆ. ಆಮೇಲೆ ಬಣ್ಣ ಬಳಿದೆ. ಆದ್ರೂ ಆ ಗಾಯ ಕಾಣುತ್ತೆ."

ಅಯ್ಯನವರು ಮುಂದೆ ಬಂದು ಪ್ರಾರ್ಥನೆ ಮಾಡೋಣ ಅಂದರು. ನಾನು ಕೈ ಅಡ್ಡ ಹಿಡಿದೆ. ಪಾಸ್ಟರಿಗೆ ಹಾಗೆ ಮಾಡಬಾರದು, ಐ ನೋ. ಆದರೆ ಹೇಳಬೇಕಾದ ಮಾತು ಇನ್ನೂ ಹೇಳಿರಲಿಲ್ಲ.

"ನೋಡಪ್ಪ, ನಾಳೆ ಅಜ್ಜಿ ಬರ್ತಾಳೆ. ನಾನು ಕೊಟ್ಟ ಮಾತು ವಾಪಸ್ ತಗೋತೀನಿ. ಯಾಕೆ ಅಂತಾನೂ ಹೇಳ್ತೀನಿ. ನಿನ್ನ ಬೆನ್ನ ಹಿಂದೆ ಹೇಳಬಾರದು ಅಂತ ಈಗ್ಲೇ ಹೇಳ್ತಿದ್ದೀನಿ."

ಅವನು ಸಿಟ್ಟಾಗಬಹುದು ಅಂದುಕೊಂಡೆ. ಬೆಡ್‌ಶೀಟಿನ ಮೇಲೆ ಆ ಕತ್ತಿ ಹಾಗೇ ನಿಂತಿತ್ತು, ಅದರ ಬೆಳಕು ಅವನ ಮುಖದ ಮೇಲೆ. "ಇದನ್ನ ಆರಿಸ್ರಮ್ಮ," ಅಂದ ಅಮ್ಮನವರಿಗೆ. ಆರಿಸಿದರು. ಎದ್ದು ನಿಂತು ಟವಲು ಕೊಡವಿದ.

"ಹೇಳೋದಾದ್ರೆ ನಾನೇ ಹೇಳ್ತೀನಿ. ನೀವು ಸುಮ್ನೆ ಪಕ್ಕದಾಗೆ ನಿಂತ್ಕೊಳಿ," ಅಂದು ಹೊರಟ.

ಆ ರಾತ್ರಿ ಅವನು ಕುಡಿಯಲು ಹೋಗುತ್ತಾನೋ ಏನೋ ಎಂಬ ಭಯ ನಮ್ಮ ಮೂವರಿಗೂ ಇತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಅಷ್ಟೆ.

ಶನಿವಾರ ಕ್ಲೋಸಿಂಗ್. ಮಕ್ಕಳ ಆಕ್ಷನ್ ಸಾಂಗು, ಬಾಯಿಪಾಠದ ವಾಕ್ಯ, ಸರ್ಟಿಫಿಕೇಟು. ಪಕ್ಕದ ಮನೆಯಾಕೆ ಹುಡುಗಿಯನ್ನು ಕರೆತಂದಿದ್ದಳು. ಅಜ್ಜಿ ಹತ್ತೂವರೆ ಬಸ್ಸಿಗೆ ಬಂದಳು, ಬಗಲಲ್ಲಿ ಮಡಿಸಿದ ಖಾಲಿ ಚೀಲ. ಮಗುವಿನ ಬಟ್ಟೆ ತುಂಬಲು ತಂದದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಮಗು ಓಡಿಹೋಗಿ ಅವಳ ತೊಡೆ ಏರಿತು. ಆಕ್ಷನ್ ಸಾಂಗಿಗೂ ಇಳಿಯಲಿಲ್ಲ. ನಾನು ಸರ್ಟಿಫಿಕೇಟುಗಳಲ್ಲಿ ಹೆಸರು ಓದುತ್ತಿದ್ದೆ, ಕಣ್ಣು ಬಾಗಿಲ ಕಡೆ. ಅವನು ಬರಲಿಲ್ಲ. ಪ್ರಾರ್ಥನೆ ಮುಗಿಯಿತು, ಅವನು ಬರಲಿಲ್ಲ. ಮಕ್ಕಳು ಟೆಂಪೋ ಹತ್ತಿದರು.

ಅಯ್ಯನವರು ನನ್ನ ಕಿವಿಯಲ್ಲಿ, "ನಾನು ಮೊದಲೇ ಹೇಳಿದ್ದೆ," ಅಂದರು.

ಅಷ್ಟರಲ್ಲಿ ಅವನು ಗೇಟಿನಲ್ಲಿ ಕಾಣಿಸಿದ. ಗಡ್ಡ ಬೋಳಿಸಿದ್ದ. ಗಲ್ಲದ ಮೇಲೆ ಎರಡು ಕಡೆ ಬ್ಲೇಡು ಕೊರೆದ ಗಾಯ. ಸೊಂಟದಲ್ಲಿ ಏನೂ ಇಲ್ಲ. ನಾನು ಅವನ ಹತ್ತಿರ ಹೋಗಿ ನಿಂತೆ. ಬಾಯಿಂದ ಬಂದದ್ದು ಬೀಡಿಯ ವಾಸನೆ ಮಾತ್ರ.

"ಏನಯ್ಯಾ," ಅಂದಳು ಅಜ್ಜಿ ಕೂತಲ್ಲಿಂದಲೇ, "ಮಗೂನ ಪಕ್ಕದ ಮನೇಲಿ ಮಲಗಿಸ್ತಿದ್ದೀಯಂತೆ? ನಿನ್ನ ಮನೇಲೇನು ಹುಲಿ ಸೇರ್ಕೊಂಡೈತಾ?"

ಅವನು ಒಳಗೆ ಬಂದು, ಹತ್ತು ಹೆಜ್ಜೆ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತ. ಎರಡು ಕೈಯನ್ನೂ ಮಂಡಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಅಜ್ಜಿಯನ್ನಲ್ಲ, ಮಗುವನ್ನೇ ನೋಡಿದ.

"ಪಾಪಾ. ಬಾಗ್ಲಲ್ಲಿ ಮಚ್ಚು ಎತ್ತಿದ್ದು ನಾನೇ. ನಿಂಗೆ ಬಿದ್ದ ಕನಸಲ್ಲ. ಅಮ್ಮನ ಮೇಲೆ ಎತ್ತಿದ್ದೆ. ಕುಡ್ದಿದ್ದೆ. ಕುಡ್ದಿದ್ರೂ ತಪ್ಪು ತಪ್ಪೇ. ನೀನು ಹೆದ್ರಿಕೊಂಡಿದ್ದು ಸರಿ."

ಅಜ್ಜಿಯ ಕೈ ಮಗುವಿನ ಜಡೆಯ ಮೇಲೆ ನಿಂತುಬಿಟ್ಟಿತು.

"ನನ್ ಮಗಳು ನಂಗಿದನ್ನ ಹೇಳ್ಲೇ ಇಲ್ಲ," ಅಂದಳು ಅಜ್ಜಿ. ಆಮೇಲೆ ದನಿ ಏರಿತು. "ಹಬ್ಬಕ್ಕೆ ಬಂದಾಗ ಕೂಡ ನಗ್ತಾನೇ ಇದ್ಲಲ್ಲೋ, ಪಾಪಿ! ನನ್ ಕೈ ಅಡುಗೆ ತಿಂದು ಚೆನ್ನಾಗಿದೆ ಅತ್ತೆ ಅಂತಿದ್ದೆ! ಮತ್ತೆ ನೀವು, ಟೀಚರಮ್ಮ? ಗ್ಯಾರಂಟಿ ಅಂದ್ರಿ?"

"ನಂಗೆ ಗೊತ್ತಿರಲಿಲ್ಲ," ಅಂದೆ. "ಗೊತ್ತು ಮಾಡ್ಕೊಳ್ಳದೇ ಮಾತು ಕೊಟ್ಟೆ. ತಪ್ಪು ನಂದು. ಆ ಮಾತು ವಾಪಸ್ ತಗೋತಿದ್ದೀನಿ."

ಈ ವಯಸ್ಸಿನಲ್ಲಿ ಎಲ್ಲರ ಮುಂದೆ ಹಾಗೆ ಹೇಳುವುದು ಸುಲಭವಿರಲಿಲ್ಲ. ಬೆಂಚು ಹಿಡಿದುಕೊಂಡೆ.

"ಅತ್ತೆ, ಪಾಪನ ಕರ್ಕೊಂಡು ಹೋಗು," ಅಂದ ಅವನು. "ಬಟ್ಟೆ ಗಂಟು ಕಟ್ಟಿ ಗೇಟ್ ಹತ್ರ ಇಟ್ಟಿದ್ದೀನಿ. ತೋಪಲ್ಲಿ ಭಾನುವಾರ ನನ್ನ ಬದಲು ಇನ್ನೊಬ್ಬ ಕಾಯ್ತಾನೆ. ಭಾನುವಾರ ಭಾನುವಾರ ಮುಳಬಾಗಿಲಿಗೆ ಬರ್ತೀನಿ. ಒಳಗೆ ಬಾ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ಬೀದೀಲಿ ನಿಂತು ನೋಡ್ಕೊಂಡು ಬಂದ್ಬಿಡ್ತೀನಿ."

ಅಜ್ಜಿ ಬೇರೆ ಕಡೆ ಮುಖ ತಿರುಗಿಸಿದಳು. ಮಗು ಮಾತ್ರ ಅವನ ಬೋಳು ಗಲ್ಲವನ್ನೇ ನೋಡುತ್ತಿತ್ತು, ಅದು ಯಾರ ಮುಖ ಅಂತ ಗುರುತು ಹಿಡಿಯುವ ಹಾಗೆ. ಸೆಖೆಗೆ ಅಯ್ಯನವರು ಒಂದೊಂದೇ ಟಾರ್ಪಾಲು ಬಿಚ್ಚುತ್ತಾ ಬಂದರು, ಕೈಗೆ ಏನಾದರೂ ಕೆಲಸ ಬೇಕು ಅನ್ನುವವರ ಹಾಗೆ. ಹಾಲಿಗೆ ಬಿಸಿಲು ಬಿತ್ತು.

"ನಾಯ್ನಾ."

"ಏನ್ ಪಾಪಾ."

"ಬರ್ವಾಗ ರಸಪುರಿ ತಗೊಂಡ್ಬಾ. ಬಾದಾಮಿ ಬೇಡ."

ಅವನು ಸುಮ್ಮನೆ ತಲೆ ಆಡಿಸಿದ. ಅಜ್ಜಿ ಮುಖ ತಿರುಗಿಸಿಕೊಂಡೇ, "ಹಣ್ಣಾಗಿರೋದು ತಾ. ಹುಳಿ ಕಾಯಿ ತಂದು ಸುರೀಬೇಡ," ಅಂದಳು. ಆಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು, ಏಳು ವರ್ಷದ ಭಾರ ಅದು, ಗೇಟಿನ ಕಡೆ ಹೊರಟಳು. ಮಗು ಅಜ್ಜಿಯ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾ 'ನಾನು ಹೋಗಿ ಬರ್ತೀನಿ' ಅನ್ನಲಿಲ್ಲ. ಆದರೆ ಗೇಟು ದಾಟುವವರೆಗೂ ಅಪ್ಪನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಅವನು ಇನ್ನೂ ಕುಕ್ಕರುಗಾಲಲ್ಲೇ ಇದ್ದ. ಎದ್ದಾಗ ಮಂಡಿ ಹಿಡಿದುಕೊಂಡಿತ್ತು. ನನ್ನ ಕೈ ಹಿಡಿದು ನಿಂತ.

"ಮುಳಬಾಗಿಲಿಗೆ ಬೆಳಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ ಟೀಚರಮ್ಮ?"

ಕೊನೆಯ ಟಾರ್ಪಾಲು ಮಡಿಸುತ್ತಿದ್ದ ಅಯ್ಯನವರು ತಿರುಗಿ ನೋಡಿದರು. "ಭಾನುವಾರ ಆರಾಧನೆ ಮುಗಿಸ್ಕೊಂಡು ಹೋಗಬಹುದಲ್ಲಪ್ಪ, ಹನ್ನೊಂದಕ್ಕೆಲ್ಲ ಮುಗಿಯುತ್ತೆ," ಅಂದರು.

"ಬೇಡ ಅಯ್ಯನವರೇ," ಅಂದೆ ನಾನು. "ಅವನು ಮೊದಲ್ನೇ ಬಸ್ಸಿಗೇ ಹೋಗಲಿ."